ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆಯ ಪಿತಾಮಹ ಜೋಸೆಫ್ ಲಿಸ್ಟರ್ (1827–1912)

ಮೂಳೆ ಮುರಿದ ರೋಗಿಯು ಆಸ್ಪತ್ರೆಗೆ ದಾಖಲಾದಾಗ ಗಾಯವನ್ನು ತೊಳೆಯುವುದು, ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮಕ್ಕೆ ನಂಜುನಿವಾರಕ ದ್ರಾವಣ ಹಚ್ಚುವುದು, ಉಪಕರಣಗಳನ್ನು ಕ್ರಿಮಿಶುದ್ಧಗೊಳಿಸುವುದು ಮತ್ತು ಕೀವು ಕಂಡುಬಂದಲ್ಲಿ ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಇಂದು ವಾಡಿಕೆಯ ಕ್ರಮಗಳಾಗಿವೆ. ಈ ಕ್ರಮಗಳಿಗೆ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರು ಆಂಗ್ಲ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಜೋಸೆಫ್ ಲಿಸ್ಟರ್ ಅವರು 1827ರ ಏಪ್ರಿಲ್ 5ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಅಪ್ಟನ್ ಎಂಬ ಗ್ರಾಮದಲ್ಲಿ ಜನಿಸಿದರು. ಇವರ ಕುಟುಂಬವು ಸರಳ ಜೀವನಕ್ಕೆ ಹೆಸರಾದ ಕ್ವೇಕರ್ ಪಂಥಕ್ಕೆ ಸೇರಿತ್ತು. ತಂದೆ ಜೋಸೆಫ್ ಜಾಕ್ಸನ್ ಲಿಸ್ಟರ್ ಅವರು ವೃತ್ತಿಯಿಂದ ದ್ರಾಕ್ಷಾರಸದ ವ್ಯಾಪಾರಿಯಾಗಿದ್ದರೂ ಬಿಡುವಿನ ವೇಳೆಯಲ್ಲಿ ಮಸೂರಗಳ ಅಧ್ಯಯನ ನಡೆಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಬಿಂಬದ ಸುತ್ತ ಬಣ್ಣ ಕವಿದು ಮಸುಕಾಗುವ ದೋಷವನ್ನು ನಿವಾರಿಸುವ ಮಸೂರ ಜೋಡಣೆಯನ್ನು ಅವರು ರೂಪಿಸಿದರು. ಈ ಕಾರ್ಯಕ್ಕಾಗಿ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ಮನೆಯಲ್ಲಿಯೇ ಉತ್ತಮ ಸೂಕ್ಷ್ಮದರ್ಶಕವಿದ್ದುದರಿಂದ ಬಾಲಕ ಲಿಸ್ಟರ್‌ಗೆ ಬರಿಗಣ್ಣಿಗೆ ಕಾಣದ ಜಗತ್ತಿನ ಪರಿಚಯ ಎಳೆವಯಸ್ಸಿನಲ್ಲಿಯೇ ಆಯಿತು. ಮುಂದೆ ಕಣ್ಣಿಗೆ ಕಾಣದ ಜೀವಿಗಳೇ ಗಾಯದ ನಂಜಿಗೆ ಕಾರಣವೆಂಬ ವಿಚಾರ ಎದುರಾದಾಗ ಅದನ್ನು ಅವರು ತಳ್ಳಿಹಾಕದೆ ಪರೀಕ್ಷಿಸಿ ನೋಡಿದುದಕ್ಕೆ ಈ ಹಿನ್ನೆಲೆಯೂ ನೆರವಾಯಿತು.

ವಿದ್ಯಾಭ್ಯಾಸ ಮತ್ತು ವೃತ್ತಿಯ ಆರಂಭ

ಲಿಸ್ಟರ್ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1847ರಲ್ಲಿ ಕಲಾ ಪದವಿ ಪಡೆದರು. ಇದೇ ಅವಧಿಯಲ್ಲಿ ಸಿಡುಬಿಗೆ ತುತ್ತಾಗಿ, ಅನಂತರ ಮಾನಸಿಕವಾಗಿಯೂ ಬಳಲಿ ಕೆಲಕಾಲ ವಿದ್ಯಾಭ್ಯಾಸವನ್ನು ನಿಲ್ಲಿಸಬೇಕಾಯಿತು. ಚೇತರಿಸಿಕೊಂಡ ಬಳಿಕ ವೈದ್ಯಕೀಯ ಶಿಕ್ಷಣ ಮುಂದುವರಿಸಿ 1852ರಲ್ಲಿ ವೈದ್ಯ ಪದವಿ ಪಡೆದರು ಹಾಗೂ ಅದೇ ವರ್ಷ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಫೆಲೋ ಆದರು.

1853ರಲ್ಲಿ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ತೆರಳಿ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಸೈಮ್ ಅವರಲ್ಲಿ ಸಹಾಯಕರಾಗಿ ಸೇರಿದರು. ಕೆಲವು ವಾರಗಳಿಗೆಂದು ಹೋದವರು ಅಲ್ಲಿಯೇ ನೆಲೆಸಿದರು. 1856ರಲ್ಲಿ ಸೈಮ್ ಅವರ ಪುತ್ರಿ ಆಗ್ನೆಸ್ ಅವರನ್ನು ವಿವಾಹವಾದರು. ಪಂಥದ ಹೊರಗೆ ವಿವಾಹವಾದುದರಿಂದ ಕ್ವೇಕರ್ ಸಂಘವನ್ನು ತೊರೆಯಬೇಕಾಯಿತು. ಈ ದಂಪತಿಗಳಿಗೆ ಮಕ್ಕಳಿರಲಿಲ್ಲ. ಆಗ್ನೆಸ್ ಅವರು ಪತಿಯ ಪ್ರಯೋಗಗಳಲ್ಲಿ ನೆರವಾಗಿ, ಅವರ ಟಿಪ್ಪಣಿಗಳನ್ನು ಬರೆದುಕೊಳ್ಳುತ್ತ ಜೀವನದುದ್ದಕ್ಕೂ ಸಹೋದ್ಯೋಗಿಯಂತೆ ದುಡಿದರು.

ಸೈಮ್ ಅವರ ಶಿಷ್ಯ ಪರಂಪರೆಯು ಬೀದರ್ ಜಿಲ್ಲೆ ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೂ ತಲುಪಿತ್ತು. ಅವರ ಮತ್ತೊಬ್ಬ ಶಿಷ್ಯ ಎಡ್ವರ್ಡ್ ಲಾರಿ ಅವರು ಹೈದರಾಬಾದಿನಲ್ಲಿ ರೆಸಿಡೆನ್ಸಿ ಶಸ್ತ್ರವೈದ್ಯರಾಗಿದ್ದು, ನಿಜಾಮರ ಧನಸಹಾಯದಿಂದ 1888 ಮತ್ತು 1889ರಲ್ಲಿ ಅರಿವಳಿಕೆ ಔಷಧ ಕ್ಲೋರೋಫಾರ್ಮ್ ಕುರಿತ ಆಯೋಗಗಳನ್ನು ನಡೆಸಿದರು.

ಅಂದಿನ ಆಸ್ಪತ್ರೆಗಳ ಸ್ಥಿತಿ

1860ರಲ್ಲಿ ಲಿಸ್ಟರ್ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾಗಿ ನೇಮಕಗೊಂಡು, ಮರುವರ್ಷ ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡುಗಳ ಹೊಣೆ ವಹಿಸಿಕೊಂಡರು. ಗ್ಲಾಸ್ಗೋ ಕಾರ್ಖಾನೆಗಳ ನಗರವಾಗಿತ್ತು. ಯಂತ್ರಗಳಿಗೆ ಸಿಲುಕಿ, ಬಂಡಿಗಳ ಅಡಿ ಬಿದ್ದು ಕೈಕಾಲು ಮುರಿದುಕೊಂಡ ಕಾರ್ಮಿಕರು ಮತ್ತು ಮಕ್ಕಳು ಅವರ ವಾರ್ಡಿಗೆ ಬರುತ್ತಿದ್ದರು.

ಮೂಳೆ ಮುರಿತದಲ್ಲಿ ಎರಡು ಬಗೆಗಳಿವೆ. ಚರ್ಮ ಹರಿಯದೆ ಒಳಗೆ ಮಾತ್ರ ಮೂಳೆ ಮುರಿದರೆ ಅದು ಮುಚ್ಚಿದ ಮುರಿತ. ಚರ್ಮ ಸೀಳಿ ಗಾಯವು ಮೂಳೆಯವರೆಗೆ ತಲುಪಿದರೆ ಅದು ತೆರೆದ ಮುರಿತ. ಮುಚ್ಚಿದ ಮುರಿತದ ರೋಗಿಗಳು ಸಾಮಾನ್ಯವಾಗಿ ಗುಣಮುಖರಾಗುತ್ತಿದ್ದರು. ತೆರೆದ ಮುರಿತದಲ್ಲಾದರೋ ಕೆಲವೇ ದಿನಗಳಲ್ಲಿ ಗಾಯ ಕೊಳೆತು, ಕೀವು ತುಂಬಿ, ನಂಜು ರಕ್ತಕ್ಕೇರಿ ಅನೇಕರು ಸಾಯುತ್ತಿದ್ದರು. ಆದ್ದರಿಂದ ಜೀವ ಉಳಿಸಲು ಕಾಲನ್ನೇ ಕತ್ತರಿಸುವುದು ಅಂದಿನ ರೂಢಿಯಾಗಿತ್ತು. ಹಾಗೆ ಕತ್ತರಿಸಿದ ಗಾಯವೂ ಕೊಳೆಯುತ್ತಿತ್ತು. ಲಿಸ್ಟರ್ ಅವರ ವಾರ್ಡಿನಲ್ಲಿ 1864 ಮತ್ತು 1866ರಲ್ಲಿ ಅಂಗಚ್ಛೇದನಕ್ಕೆ ಒಳಗಾದ 35 ರೋಗಿಗಳ ಪೈಕಿ 16 ಮಂದಿ ಮರಣ ಹೊಂದಿದರು.

ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಅಂದಿನ ವೈದ್ಯರು ನಂಬಿದ್ದರು. ಕೀವು ಬರುವುದು ಗಾಯ ಮಾಗುವ ಸಹಜ ಹಂತವೆಂಬ ಭಾವನೆಯೂ ಇತ್ತು. ವೈದ್ಯರು ರಕ್ತ ಹಾಗೂ ಕೀವಿನ ಕಲೆಗಳಿದ್ದ ಹಳೆಯ ಅಂಗಿಯನ್ನೇ ತೊಟ್ಟು ಒಬ್ಬ ರೋಗಿಯಿಂದ ಮತ್ತೊಬ್ಬ ರೋಗಿಗೆ ಅದೇ ಕೈ, ಅದೇ ಉಪಕರಣಗಳೊಂದಿಗೆ ಸಾಗುತ್ತಿದ್ದರು. ಲಿಸ್ಟರ್ ಅವರಿಗೆ ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಕಂಡಿತು. ಒಂದೇ ವಾರ್ಡಿನಲ್ಲಿ ಒಂದೇ ಗಾಳಿಯನ್ನು ಉಸಿರಾಡುವ ಇಬ್ಬರಲ್ಲಿ ಚರ್ಮ ಹರಿಯದವನು ಬದುಕುತ್ತಿದ್ದನು, ಚರ್ಮ ಹರಿದವನು ಸಾಯುತ್ತಿದ್ದನು. ಹಾಗಿದ್ದಲ್ಲಿ ಅಪಾಯವು ಹರಿದ ಚರ್ಮದ ಮೂಲಕವೇ ಒಳಸೇರುತ್ತಿರಬೇಕು ಎಂಬ ತೀರ್ಮಾನಕ್ಕೆ ಅವರು ಬಂದರು.

ನಂಜುನಿವಾರಣಾ ಪದ್ಧತಿಯ ಉದಯ

1865ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಆಂಡರ್ಸನ್ ಅವರು ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಪಾಶ್ಚರ್ ಅವರ ಪ್ರಬಂಧಗಳನ್ನು ಲಿಸ್ಟರ್ ಅವರ ಗಮನಕ್ಕೆ ತಂದರು. ಹಾಲು ಹುಳಿಯಾಗುವುದಕ್ಕೆ ಹಾಗೂ ಪದಾರ್ಥಗಳು ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಪಾಶ್ಚರ್ ತೋರಿಸಿದ್ದರು. ಗಾಯ ಕೊಳೆಯುವುದೂ ಇದೇ ಬಗೆಯ ಕ್ರಿಯೆ ಎಂದು ಲಿಸ್ಟರ್ ಊಹಿಸಿದರು. ಸೂಕ್ಷ್ಮಜೀವಿಗಳನ್ನು ಕಾಯಿಸಿ ಕೊಲ್ಲುವುದು ದೇಹದ ಮೇಲೆ ಸಾಧ್ಯವಿಲ್ಲದ ಕಾರಣ ರಾಸಾಯನಿಕವೊಂದನ್ನು ಅರಸಿದರು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿ ನೀರಿನ ದುರ್ವಾಸನೆ ತಡೆಯಲು ಕಾರ್ಬಾಲಿಕ್ ಆಮ್ಲ ಬಳಸುತ್ತಿದ್ದ ಸಂಗತಿ ಅವರಿಗೆ ತಿಳಿಯಿತು.

ಅದೇ ವರ್ಷ ಮಾರ್ಚ್ ತಿಂಗಳಲ್ಲಿ ನಡೆಸಿದ ಮೊದಲ ಪ್ರಯತ್ನ ಫಲ ನೀಡಲಿಲ್ಲ. 1865ರ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರ್ಷದ ಬಾಲಕನನ್ನು ಆಸ್ಪತ್ರೆಗೆ ತರಲಾಯಿತು. ಬಂಡಿಯ ಚಕ್ರ ಹರಿದು ಅವನ ಕಾಲಿನಲ್ಲಿ ತೆರೆದ ಮುರಿತವಾಗಿತ್ತು. ಕಾಲು ಕತ್ತರಿಸುವ ಬದಲು ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆಯನ್ನು ಗಾಯದ ಮೇಲಿರಿಸಿ, ಮೂಳೆಗೆ ದಬ್ಬೆ ಕಟ್ಟಿಸಿದರು. ನಾಲ್ಕು ದಿನಗಳ ನಂತರ ಪಟ್ಟಿ ಬಿಚ್ಚಿದಾಗ ಕೀವಾಗಲೀ ದುರ್ವಾಸನೆಯಾಗಲೀ ಇರಲಿಲ್ಲ. ಔಷಧದ ತೀಕ್ಷ್ಣತೆಯಿಂದ ಚರ್ಮ ಸ್ವಲ್ಪ ಕೆಂಪಾಗಿತ್ತು. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಬಾಲಕನು ತನ್ನೆರಡು ಕಾಲುಗಳೊಂದಿಗೆ ಮನೆಗೆ ಮರಳಿದನು.

1867ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಿಸ್ಟರ್ ಅವರು ತೆರೆದ ಮುರಿತದ 11 ರೋಗಿಗಳ ವಿವರ ಪ್ರಕಟಿಸಿದರು. ಇವರಲ್ಲಿ 9 ಮಂದಿ ಕಾಲು ಅಥವಾ ಕೈ ಉಳಿಸಿಕೊಂಡು ಗುಣಮುಖರಾದರು. ಒಬ್ಬರಿಗೆ ಅಂಗಚ್ಛೇದನ ಅಗತ್ಯವಾಯಿತು, ಒಬ್ಬರು ಮೃತಪಟ್ಟರು. 1867ರಿಂದ 1869ರ ಅವಧಿಯಲ್ಲಿ ಅಂಗಚ್ಛೇದನಕ್ಕೆ ಒಳಗಾದ 40 ರೋಗಿಗಳಲ್ಲಿ ಸಾವನ್ನಪ್ಪಿದವರು 6 ಮಂದಿ. ಈ ಹಿಂದಿನ 35ರಲ್ಲಿ 16ಕ್ಕೆ ಹೋಲಿಸಿದಲ್ಲಿ ಇದರ ಮಹತ್ವ ತಿಳಿಯುತ್ತದೆ.

ವಿರೋಧ ಮತ್ತು ಮನ್ನಣೆ

ಹೊಸ ಪದ್ಧತಿಯನ್ನು ಎಲ್ಲರೂ ಕೂಡಲೇ ಸ್ವೀಕರಿಸಲಿಲ್ಲ. ಕಾರ್ಬಾಲಿಕ್ ಆಮ್ಲದ ಬಳಕೆ ಹೊಸದಲ್ಲವೆಂದು ಕೆಲವರು, ಕಾಣದ ಜೀವಿಗಳನ್ನು ನಂಬಲಾಗದೆಂದು ಕೆಲವರು ಟೀಕಿಸಿದರು. ಲಂಡನ್ನಿನ ಶಸ್ತ್ರವೈದ್ಯರಲ್ಲಿ ಹಲವರು ಬಹುಕಾಲ ಉದಾಸೀನ ತೋರಿದರು. ಜರ್ಮನಿಯ ವೈದ್ಯರಾದರೋ ಬೇಗನೆ ಇದನ್ನು ಅಳವಡಿಸಿಕೊಂಡರು. 1875ರಲ್ಲಿ ಲಿಸ್ಟರ್ ಅವರು ಆ ದೇಶದಲ್ಲಿ ಪ್ರವಾಸ ಕೈಗೊಂಡಾಗ ಅವರಿಗೆ ಅದ್ದೂರಿ ಸ್ವಾಗತ ದೊರೆಯಿತು.

ಈ ನಡುವೆ ಅವರು 1869ರಲ್ಲಿ ಎಡಿನ್‌ಬರೋಗೆ ಮರಳಿ ಸೈಮ್ ಅವರ ಸ್ಥಾನವನ್ನು ವಹಿಸಿಕೊಂಡಿದ್ದರು. ಒಳಗಿನ ರಕ್ತನಾಳ ಕಟ್ಟಲು ದೇಹದಲ್ಲಿಯೇ ಕರಗುವ, ಪ್ರಾಣಿಯ ಕರುಳಿನಿಂದ ತಯಾರಿಸಿದ ನಂಜುರಹಿತ ದಾರವನ್ನು ಬಳಕೆಗೆ ತಂದರು. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕೀವುಗಡ್ಡೆಗೆ ಶಸ್ತ್ರಚಿಕಿತ್ಸೆ ನಡೆಸಿದರು.

1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯನ್ನು ಸೇರಿದ ಲಿಸ್ಟರ್ ಅವರು ಅದೇ ಅಕ್ಟೋಬರ್ ತಿಂಗಳಲ್ಲಿ ಚರ್ಮ ಹರಿಯದೆ ಮುರಿದಿದ್ದ ಮಂಡಿಚಿಪ್ಪಿನ ಮೇಲೆ ಶಸ್ತ್ರಚಿಕಿತ್ಸೆ ಮಾಡಿ, ತುಂಡುಗಳನ್ನು ಬೆಳ್ಳಿಯ ತಂತಿಯಿಂದ ಜೋಡಿಸಿದರು. ಮುಚ್ಚಿದ ಮುರಿತವನ್ನು ವೈದ್ಯನೇ ತೆರೆಯುವುದು ಅಂದಿನ ದೃಷ್ಟಿಯಲ್ಲಿ ರೋಗಿಯ ಜೀವದೊಡನೆ ಆಡಿದಂತೆ. ಗಾಯಕ್ಕೆ ನಂಜು ತಗುಲಿದ್ದಲ್ಲಿ ಕಾಲು ಅಥವಾ ಪ್ರಾಣ ಹೋಗುವ ಸಂಭವವಿತ್ತು. ರೋಗಿಯು ಗುಣಮುಖನಾದನು. ಇಂದು ಮೂಳೆಗೆ ಸರಳು, ಫಲಕ, ತಿರುಪು ಅಳವಡಿಸುವ ಶಸ್ತ್ರಚಿಕಿತ್ಸೆಗಳು ನಿರ್ಭಯವಾಗಿ ನಡೆಯುವಂತಾಗಲು ಇಂತಹ ಪ್ರಯತ್ನಗಳೇ ದಾರಿ ಮಾಡಿಕೊಟ್ಟವು.

ಗಾಳಿಯಿಂದ ಚರ್ಮದತ್ತ

ಸೂಕ್ಷ್ಮಜೀವಿಗಳು ಮುಖ್ಯವಾಗಿ ಗಾಳಿಯಿಂದ ಗಾಯಕ್ಕೆ ಬೀಳುತ್ತವೆ ಎಂದು ಲಿಸ್ಟರ್ ಅವರು ಮೊದಲು ಭಾವಿಸಿದ್ದರು. ಆದ್ದರಿಂದ ಶಸ್ತ್ರಚಿಕಿತ್ಸೆಯ ವೇಳೆ ಕಾರ್ಬಾಲಿಕ್ ಆಮ್ಲವನ್ನು ತುಂತುರಾಗಿ ಸಿಂಪಡಿಸುವ ಯಂತ್ರವನ್ನು ಬಳಕೆಗೆ ತಂದರು. ಕೈ, ಉಪಕರಣ ಹಾಗೂ ರೋಗಿಯ ಚರ್ಮವನ್ನು ದ್ರಾವಣದಿಂದ ತೊಳೆಯುವುದೂ ಅವರ ಪದ್ಧತಿಯ ಭಾಗವಾಗಿತ್ತು.

ಲಿಸ್ಟರ್ ಅವರ ಪದ್ಧತಿಯನ್ನು ಅನುಸರಿಸುತ್ತಿದ್ದ ಆಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್ಸ್‌ಟನ್ ಅವರು ಸೊಟ್ಟಗಿರುವ ಮಂಡಿಯನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಗೂ ಹೆಸರಾದವರು. ಅವರು ಕೀವುಗಡ್ಡೆಗಳಿಂದ ತೆಗೆದ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೊಸದಾಗಿ ಬಾತು ಕೆಂಪಾದ ಗಡ್ಡೆಗಳಲ್ಲೆಲ್ಲ ದುಂಡನೆಯ ಬ್ಯಾಕ್ಟೀರಿಯಾಗಳು ಕಂಡುಬಂದವು. ಬಹುಕಾಲದ ತಣ್ಣನೆಯ ಗಡ್ಡೆಗಳಲ್ಲಿ ಅವು ಕಾಣಲಿಲ್ಲ. 1880ರಲ್ಲಿ ಬರ್ಲಿನ್ನಿನಲ್ಲಿ ಈ ಶೋಧವನ್ನು ಮಂಡಿಸಿದರು. ದ್ರಾಕ್ಷಿ ಗೊಂಚಲಿನಂತೆ ಗುಂಪಾಗಿದ್ದ ಬ್ಯಾಕ್ಟೀರಿಯಾಕ್ಕೆ 1882ರಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಹೆಸರಿಟ್ಟರು. 1884ರಲ್ಲಿ ಜರ್ಮನಿಯ ಫ್ರೆಡ್ರಿಕ್ ರೋಸೆನ್‌ಬಾಕ್ ಅವರು ಇದರಲ್ಲಿ ಹೊನ್ನಿನ ಬಣ್ಣದ್ದು ಮತ್ತು ಬಿಳಿಯ ಬಣ್ಣದ್ದು ಎಂಬ ಎರಡು ಬಗೆಗಳನ್ನು ಗುರುತಿಸಿದರು.

ಆಗ ಒಂದು ಜಟಿಲ ಪ್ರಶ್ನೆ ಎದುರಾಯಿತು. ಲಿಸ್ಟರ್ ಅವರ ಶಿಷ್ಯ ವಾಟ್ಸನ್ ಚೈನ್ ಅವರು ಚೆನ್ನಾಗಿ ಮಾಗುತ್ತಿದ್ದ ಗಾಯಗಳ ಪಟ್ಟಿಯ ಅಡಿಯಲ್ಲಿಯೂ ಇಂತಹ ದುಂಡನೆಯ ಜೀವಿಗಳನ್ನು ಕಂಡಿದ್ದರು. ಹಾಗಾದರೆ ಅವು ರೋಗಕಾರಕವೋ, ಅಲ್ಲಿ ಸುಮ್ಮನೆ ಇರುವಂಥವೋ ಎಂಬ ಚರ್ಚೆ ನಡೆಯಿತು. ಇವು ಆರೋಗ್ಯವಂತರ ಚರ್ಮದ ಮೇಲೆ ಸದಾ ವಾಸಿಸುತ್ತವೆ, ಚರ್ಮ ಸೀಳಿ ಒಳಸೇರಿದಾಗ ಕೆಲವು ರೋಗ ತರುತ್ತವೆ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಗಾಳಿಗಿಂತ ಕೈ, ಚರ್ಮ ಮತ್ತು ಉಪಕರಣಗಳೇ ಹೆಚ್ಚು ಅಪಾಯಕಾರಿ ಎಂಬುದು ಮನವರಿಕೆಯಾದಾಗ ಲಿಸ್ಟರ್ ಅವರು ತಮ್ಮ ತುಂತುರು ಯಂತ್ರವನ್ನು 1887ರಲ್ಲಿ ಕೈಬಿಟ್ಟರು. 1890ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಆ ಯಂತ್ರವನ್ನು ಶಿಫಾರಸು ಮಾಡಿದ್ದಕ್ಕೆ ತಮಗೆ ನಾಚಿಕೆಯಾಗುತ್ತದೆ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಕೀರ್ತಿಯ ಶಿಖರದಲ್ಲಿದ್ದಾಗ ಹೀಗೆ ನಡೆದುಕೊಂಡುದು ಅವರ ಸತ್ಯನಿಷ್ಠೆಗೆ ಸಾಕ್ಷಿಯಾಗಿದೆ.

ಇಂದಿನ ರೋಗನಿರ್ಣಯ ಮತ್ತು ಚಿಕಿತ್ಸೆ

ಚರ್ಮದ ಬ್ಯಾಕ್ಟೀರಿಯಾ ರೋಗಕ್ಕೆ ಕಾರಣವೋ ಅಲ್ಲವೋ ಎಂಬ ಅಂದಿನ ಪ್ರಶ್ನೆಯನ್ನು ಮೂಳೆ ವೈದ್ಯರು ಇಂದಿಗೂ ಎದುರಿಸುತ್ತಿದ್ದಾರೆ. ರೋಸೆನ್‌ಬಾಕ್ ಗುರುತಿಸಿದ ಬಿಳಿಯ ಬಗೆಯ ಬ್ಯಾಕ್ಟೀರಿಯಾವನ್ನು ಇಂದು ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎನ್ನಲಾಗುತ್ತದೆ. ಬಹುಕಾಲ ಇದನ್ನು ನಿರುಪದ್ರವಿ ಎಂದೇ ತಿಳಿಯಲಾಗಿತ್ತು. ದೇಹದೊಳಗೆ ಲೋಹದ ಫಲಕ ಹಾಗೂ ಕೃತಕ ಕೀಲುಗಳನ್ನು ಅಳವಡಿಸಲಾರಂಭಿಸಿದ ಮೇಲೆ, ಅವುಗಳ ಮೇಲ್ಮೈಗೆ ಅಂಟಿಕೊಂಡು ಲೋಳೆಯಂತಹ ಪದರ ಕಟ್ಟಿ, ಔಷಧಕ್ಕೂ ದೇಹದ ರಕ್ಷಣಾ ಶಕ್ತಿಗೂ ಸುಲಭವಾಗಿ ಸಿಗದೆ ಉಳಿಯುವ ಗುಣ ಇದಕ್ಕಿದೆ ಎಂಬುದು ತಿಳಿದುಬಂದಿತು. ಭುಜದ ಶಸ್ತ್ರಚಿಕಿತ್ಸೆಗಳಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಮತ್ತೊಂದು ಚರ್ಮವಾಸಿ ಬ್ಯಾಕ್ಟೀರಿಯಾ ಇದೇ ರೀತಿ ತೊಂದರೆ ನೀಡುತ್ತದೆ.

ಇಂತಹ ಸೋಂಕಿನಲ್ಲಿ ತೀವ್ರ ಜ್ವರವಾಗಲೀ ಹೆಚ್ಚು ಕೀವಾಗಲೀ ಇಲ್ಲದಿರಬಹುದು. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳು ಕಳೆದರೂ ಕಡಿಮೆಯಾಗದ ನೋವು, ಕೀಲಿನ ಬಿಗಿತ, ಗಾಯದಿಂದ ಒಸರುವ ನೀರು, ಕೂಡದ ಮೂಳೆ ಇದರ ಲಕ್ಷಣಗಳಾಗಿರಬಹುದು. ರೋಗನಿರ್ಣಯಕ್ಕೆ ರಕ್ತ ಪರೀಕ್ಷೆ, ಎಕ್ಸ್-ರೇ ಹಾಗೂ ಕೀಲಿನ ದ್ರವದ ಪರೀಕ್ಷೆ ನಡೆಸಲಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಬೇರೆ ಬೇರೆ ಜಾಗಗಳಿಂದ ಹಲವು ಮಾದರಿಗಳನ್ನು ಪ್ರತ್ಯೇಕವಾಗಿ ತೆಗೆಯಲಾಗುತ್ತದೆ. ಎರಡು ಅಥವಾ ಹೆಚ್ಚು ಮಾದರಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದಲ್ಲಿ ಅದನ್ನು ಸೋಂಕಿನ ಕಾರಣವೆಂದು ಪರಿಗಣಿಸಲಾಗುತ್ತದೆ. ಒಂದರಲ್ಲಿ ಮಾತ್ರ ಬೆಳೆದಲ್ಲಿ ಅದು ಚರ್ಮದಿಂದ ಆಕಸ್ಮಿಕವಾಗಿ ಸೇರಿದ್ದಾಗಿರಬಹುದು. ಕೆಲವು ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವುದರಿಂದ ವರದಿಗೆ 14 ದಿನಗಳವರೆಗೆ ಕಾಯಬೇಕಾಗಬಹುದು. ಮಾದರಿ ತೆಗೆಯುವ ಮುನ್ನವೇ ರೋಗಿಯು ತಾನಾಗಿ ಆಂಟಿಬಯಾಟಿಕ್ ಮಾತ್ರೆ ಸೇವಿಸಿದ್ದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ರೋಗನಿರ್ಣಯ ತಪ್ಪುವ ಸಂಭವವಿರುತ್ತದೆ.

ಸೋಂಕು ಬೇಗ ಪತ್ತೆಯಾದಲ್ಲಿ ಗಾಯವನ್ನು ತೆರೆದು ತೊಳೆದು, ಅಳವಡಿಸಿದ ಉಪಕರಣವನ್ನು ಉಳಿಸಿಕೊಳ್ಳಲು ಅವಕಾಶವಿರುತ್ತದೆ. ತಡವಾದಲ್ಲಿ ಅದನ್ನು ತೆಗೆದು ಮತ್ತೆ ಅಳವಡಿಸಬೇಕಾಗಬಹುದು. ಇದರೊಂದಿಗೆ ಹಲವು ವಾರಗಳ ಕಾಲ ಆಂಟಿಬಯಾಟಿಕ್ ಚಿಕಿತ್ಸೆ ಅಗತ್ಯವಾಗುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

ಬೀದರ್ ನಗರದ ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಮಿಕರು, ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳ ರೈತರು ಮತ್ತು ರಸ್ತೆಯ ಮೇಲೆ ಸಂಚರಿಸುವ ಎಲ್ಲರಿಗೂ ತೆರೆದ ಮುರಿತದ ಅಪಾಯವಿದೆ. ಇಂತಹ ಸಂದರ್ಭದಲ್ಲಿ ಈ ಕೆಳಗಿನ ಅಂಶಗಳನ್ನು ಪಾಲಿಸುವುದು ಸೂಕ್ತ.

1. ಗಾಯದ ಮೇಲೆ ಅರಿಶಿನ, ಮಣ್ಣು, ಸಗಣಿ, ಸೊಪ್ಪಿನ ರಸ ಮುಂತಾದವನ್ನು ಹಚ್ಚಬಾರದು. ಶುಚಿಯಾದ ಬಟ್ಟೆಯಿಂದ ಮುಚ್ಚಿ, ಕೈಕಾಲನ್ನು ಅಲುಗಾಡದಂತೆ ಇರಿಸಬೇಕು.

2. ಹೊರಗೆ ಕಾಣುವ ಮೂಳೆಯನ್ನು ಒಳಗೆ ತಳ್ಳಬಾರದು. ಚರ್ಮ ಹರಿದಿರುವ ಮುರಿತಕ್ಕೆ ನಾಟಿ ಕಟ್ಟು ಕಟ್ಟಿಸಬಾರದು.

3. ತುರ್ತು ವಾಹನಕ್ಕಾಗಿ 108 ಸಂಖ್ಯೆಗೆ ಕರೆ ಮಾಡಿ ವಿಳಂಬವಿಲ್ಲದೆ ಆಸ್ಪತ್ರೆಗೆ ತಲುಪಬೇಕು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.

4. ಮಧುಮೇಹ, ಹಳೆಯ ಹುಣ್ಣು, ಚರ್ಮರೋಗ ಇದ್ದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು.

5. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ನೀಡುವ ಸಾರಾಂಶ ಪತ್ರ, ಎಕ್ಸ್-ರೇ ಹಾಗೂ ಪ್ರಯೋಗಾಲಯದ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದಿನ ಚಿಕಿತ್ಸೆಗೂ, ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವಾಗಲೂ ಇವು ಉಪಯುಕ್ತವಾಗುತ್ತವೆ.

ಅಂತಿಮ ದಿನಗಳು

1893ರಲ್ಲಿ ಇಟಲಿಯ ಪ್ರವಾಸದಲ್ಲಿದ್ದಾಗ ಆಗ್ನೆಸ್ ಅವರು ನಿಧನರಾದರು. ಪತ್ನಿಯ ಅಗಲಿಕೆಯ ನಂತರ ಲಿಸ್ಟರ್ ಅವರು ವೈದ್ಯ ವೃತ್ತಿಯಿಂದ ಬಹುಮಟ್ಟಿಗೆ ದೂರವಾದರು. 1895ರಿಂದ 1900ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. 1897ರಲ್ಲಿ ಅವರಿಗೆ ಲಾರ್ಡ್ ಪದವಿ ಲಭಿಸಿತು. 1902ರಲ್ಲಿ ಆರ್ಡರ್ ಆಫ್ ಮೆರಿಟ್ ಪುರಸ್ಕಾರ ಸ್ಥಾಪನೆಯಾದಾಗ ಅದನ್ನು ಪಡೆದ ಮೊದಲಿಗರಲ್ಲಿ ಅವರೂ ಒಬ್ಬರಾಗಿದ್ದರು.

1912ರ ಫೆಬ್ರವರಿ 10ರಂದು ಕೆಂಟ್ ಪ್ರಾಂತ್ಯದ ವಾಲ್ಮರ್ ಎಂಬಲ್ಲಿ ತಮ್ಮ 84ನೆಯ ವಯಸ್ಸಿನಲ್ಲಿ ಲಿಸ್ಟರ್ ನಿಧನರಾದರು. ಅಂತಿಮ ಪ್ರಾರ್ಥನೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆಯಿತಾದರೂ, ಅವರ ಇಚ್ಛೆಯಂತೆ ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅವರು ಬಳಸಿದ ಕಾರ್ಬಾಲಿಕ್ ಆಮ್ಲದ ಸ್ಥಾನವನ್ನು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಇಂದು ಅಯೋಡಿನ್ ಮತ್ತು ಕ್ಲೋರ್‌ಹೆಕ್ಸಿಡಿನ್ ದ್ರಾವಣಗಳು ಪಡೆದಿವೆ. ಚರ್ಮವನ್ನು ಸೀಳುವ ಮುನ್ನ ಶುದ್ಧಗೊಳಿಸಬೇಕೆಂಬ ಅವರ ನಿಯಮವು ಎಲ್ಲ ಆಸ್ಪತ್ರೆಗಳಲ್ಲಿ ಪಾಲನೆಯಲ್ಲಿದೆ.